ತಾರೀಖು ತಪ್ಪಿದ ಪೆಟ್ಟಿಗೆ

ಮಾಂಬಳ್ಳಿ
ಬುಧವಾರ, ೧೨ ನವೆಂಬರ್ ೨೦೨೫

ಸೌಭಾಗ್ಯವತಿ ಕುಸುಮಳಿಗೆ, ನಿನ್ನ ಮಾವ ಶಿವನಂಜಯ್ಯ ಮಾಡುವ ಆಶೀರ್ವಾದಗಳು.

ನೀನು ಹನೂರಿನ ತವರಿಗೆ ಹೋಗಿ ಇವತ್ತಿಗೆ ಹನ್ನೆರಡು ದಿನ. ಆರೋಗ್ಯವಾಗಿದ್ದೀಯೆಂದು ಪ್ರಭು ಹೇಳಿದ. ಹೋಗುವಾಗ ಇದ್ದ ಕೆಮ್ಮು ನಿಂತಿತೇ ಎಂದು ಕೇಳಿದರೆ ಅವನಿಗೆ ಗೊತ್ತಿಲ್ಲ. ದಿನಕ್ಕೆರಡು ಸಲ ಫೋನ್ ಮಾಡುವ ಗಂಡನಿಗೆ ಹೆಂಡತಿಯ ಕೆಮ್ಮು ಕೇಳಿಸುವುದಿಲ್ಲವೆಂದರೆ ನಾನು ಹೆತ್ತ ಮಗನ ಬಗ್ಗೆ ಇನ್ನೇನು ಹೇಳಲಿ. ನಿಮ್ಮ ತಾಯಿಯವರ ಮಂಡಿನೋವು ಹೇಗಿದೆ? ಬೀಗರು ಪುಟ್ಟಬಸಪ್ಪನವರಿಗೆ ನನ್ನ ನಮಸ್ಕಾರ ತಿಳಿಸು. ಇಲ್ಲಿ ನಿಮ್ಮತ್ತೆ ದೊಡ್ಡಬಸಮ್ಮ ಚೆನ್ನಾಗಿದ್ದಾಳೆ, ಆದರೆ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಊಟಕ್ಕೆ ಕರೆಯುವ ಬದಲು ತಟ್ಟೆಯನ್ನು ಠಣ್ಣೆಂದು ನೆಲಕ್ಕೆ ಇಡುತ್ತಾಳೆ, ನಾನು ಎದ್ದು ಹೋಗಬೇಕು. ರೇಷ್ಮೆಹುಳುಗಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದು ಸೊಪ್ಪು ಹಾಕಿದಷ್ಟೂ ತಿನ್ನುತ್ತಿವೆ. ಹುಳದ ಮನೆಯಲ್ಲಿ ಬಿಸಿ, ತೇವ ಅಳೆಯುವ ಮೀಟರು ಇಪ್ಪತ್ತೈದು ಡಿಗ್ರಿ ತೋರಿಸುತ್ತಿದೆ, ಅದರಲ್ಲಿ ಏನೂ ತೊಂದರೆ ಇಲ್ಲ. ಶನಿವಾರದ ಹೊತ್ತಿಗೆ ಹಣ್ಣಾಗಿ ಗೂಡು ಕಟ್ಟಲು ಶುರುಮಾಡುತ್ತವೆ.

ಫೋನ್ ಇರುವಾಗ ಕಾಗದ ಯಾಕೆಂದು ನೀನು ನಗಬಹುದು. ಕಂಪ್ಯೂಟರಿನ ಪಾಸ್‌ವರ್ಡ್ ಏನೆಂದು ಪ್ರಭು ಕೇಳಿದ್ದಕ್ಕೆ ನೀನು “ಬೇಕಾದ್ರೆ ಮಾವ್ನೇ ಕೇಳ್ಲಿ” ಅಂದೆಯಂತೆ. ಸರಿ, ಕೇಳುತ್ತಿದ್ದೇನೆ. ಆದರೆ ಮೂವತ್ತೊಂದು ವರ್ಷ ಈ ಊರಿನ ಅಂಚೆಮನೆಯಲ್ಲಿ ಕೂತು ಊರವರ ಮದುವೆ, ಸಾವು, ಕೋರ್ಟು ನೋಟೀಸು ಎಲ್ಲಕ್ಕೂ ಮುದ್ರೆ ಒತ್ತಿದವನು ನಾನು, ಕೇಳುವುದನ್ನು ಕೇಳುವ ರೀತಿಯಲ್ಲೇ ಕೇಳುತ್ತೇನೆ. ಫೋನಿನಲ್ಲಾದರೆ ನನ್ನ ದನಿ ತಾನಾಗಿಯೇ ಏರುತ್ತದೆ, ನೀನು ಕಟ್ ಮಾಡುತ್ತೀಯ. ಕಾಗದವನ್ನು ಹರಿದು ಹಾಕುವವರು ಕೂಡ ಒಂದು ಸಲ ಓದಿಯೇ ಹರಿಯುತ್ತಾರೆ. ಇದು ನನ್ನ ಅನುಭವ.

ಅವತ್ತು ಬೆಳಿಗ್ಗೆ ನಡೆದದ್ದು ನಿನಗೂ ಗೊತ್ತು. ಆದರೂ ನನ್ನ ಕಡೆಯಿಂದ ಬರೆದಿಡುತ್ತೇನೆ. ಅರ್ಜಿ, ಪಹಣಿ, ಲಗ್ನಪತ್ರಿಕೆ ಎಂದು ನಿನ್ನಿಂದ ಮಾಡಿಸಿಕೊಳ್ಳಲು ಐದು ಜನ ನಮ್ಮ ಜಗಲಿಯ ಮೇಲೆ ಬಂದು ಕೂತಿದ್ದರು. ನೀನು ಕಂಪ್ಯೂಟರಿನ ಸ್ವಿಚ್ ಒತ್ತಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಇಂಗ್ಲಿಷ್ ಬಂತು. ಹಿಂದಿನ ದಿನ ಮಧ್ಯಾಹ್ನದವರೆಗೂ ಚೆನ್ನಾಗಿದ್ದ ಪೆಟ್ಟಿಗೆ, ತನ್ನ ಹೊಂದಾಣಿಕೆಗಳೆಲ್ಲ ಮರೆತುಹೋಗಿವೆ, ಎಫ್ ಒನ್ ಒತ್ತಿ ಒಳಗೆ ಬಂದು ಸರಿಮಾಡಿ ಎಂದು ಕೇಳುತ್ತಿತ್ತು. ನೀನು ಒತ್ತಿದೆ, ಒತ್ತಿದೆ, ಅದು ಅಲ್ಲಾಡಲಿಲ್ಲ. ಐದು ಜನರ ಮುಂದೆ ನನಗೆ ಅವಮಾನವಾಯಿತು. ಮನೆಯ ಯಜಮಾನ ಒಂದು ಮಾತೂ ಆಡಬಾರದೇ? ಆಡಿದೆ. “ಈ ಮನೇಲಿ ಏನ್ ಕೊಟ್ರೂ ಇವ್ಳ ಕೈಲಿ ಉಳಿಯಕಿಲ್ಲ” ಎಂದೆ. ನೀನು ಅಲ್ಲೇ ಎದ್ದು, ಕೀಬೋರ್ಡಿನ ಮೇಲೆ ಬಟ್ಟೆ ಹೊದಿಸಿ, ಕಾದು ಕೂತಿದ್ದವರಿಗೆ “ಕ್ಷಮಿಸಿ” ಎಂದು ಹೇಳಿ ಒಳಗೆ ಹೋದೆ. ಅವರಿಗೆ ಕ್ಷಮಿಸಿ ಅಂದೆ, ನನಗೆ ಒಂದು ಮಾತಿಲ್ಲ. ಹನ್ನೊಂದೂವರೆಯ ಬಸ್ಸಿಗೆ ಹೊರಟೇಬಿಟ್ಟೆ.

ಆಮೇಲೆ ನಾವು ಪಟ್ಟ ಪಾಡು ಕೇಳು. ಪ್ರಭು ಹಾಲಿನ ವ್ಯಾನು ನಿಲ್ಲಿಸಿ ಬಂದವನೇ ಡಿಲೀಟ್, ಎಫ್ ಟು, ಎಫ್ ಟೆನ್ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನೆಲ್ಲ ಒತ್ತಿದ. ಪೆಟ್ಟಿಗೆ ಮಾತ್ರ ಹಾಗೇ ನಿಂತಿತ್ತು. ಅದರ ಮೂಲೆಯಲ್ಲಿ ತಾರೀಖು ಬೇರೆ, ೨೦೧೯ನೇ ಇಸವಿ ಜನವರಿ ಒಂದು. ಆರಿಸಿ ಹಾಕಿದರೂ ಜನವರಿ ಒಂದು, ಮಾರನೇ ದಿನ ಹಾಕಿದರೂ ಜನವರಿ ಒಂದು. ಇಪ್ಪತ್ತೈದನೇ ಇಸವಿಯಲ್ಲಿ ಕೂತುಕೊಂಡು ನನಗೆ ಹತ್ತೊಂಬತ್ತನೇ ಇಸವಿ ಹೇಳುವ ಈ ಯಂತ್ರದ ಕೊಬ್ಬು ನೋಡು! ನನ್ನ ಅಂಚೆಮನೆಯಲ್ಲಿ ಯಾರಾದರೂ ತಪ್ಪು ತಾರೀಖಿನ ಮುದ್ರೆ ಹೊಡೆದಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದೆ. ನೀನು ನಮ್ಮ ಮನೆ ತುಂಬಿದ್ದು ಇಪ್ಪತ್ತನೇ ಇಸವಿಯ ಫೆಬ್ರವರಿಯಲ್ಲಿ. ಆ ಪೆಟ್ಟಿಗೆಯ ಪ್ರಕಾರ ನೀನಿನ್ನೂ ಈ ಮನೆಗೆ ಬಂದೇ ಇಲ್ಲ. ಇದನ್ನು ನಿಮ್ಮತ್ತೆಗೆ ಹೇಳಿದರೆ, “ಬಂದವ್ಳ ಕಳ್ಸಿದ್ದು ಪೆಟ್ಗೆ ಅಲ್ಲ ಕಣ್ರಿ” ಎಂದಳು. ಅದೇ ಅವಳು ನನ್ನೊಂದಿಗೆ ಆಡಿದ ಕೊನೆಯ ಮಾತು.

ಹೋದ ವಾರ ಸೋಮವಾರ ಪೆಟ್ಟಿಗೆಯನ್ನು ಕೀಬೋರ್ಡಿನ ಸಮೇತ ಜಮಖಾನದಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು, ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಹೋದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಟೆಯಲ್ಲಿ ದೇವರಿದೆಯೆಂದುಕೊಂಡು ಕೈ ಮುಗಿದಳು. ಅಲ್ಲಿ ರಿಪೇರಿ ಅಂಗಡಿಯ ಶಂಕರ್ ಎಂಬುವನು ಪೆಟ್ಟಿಗೆಗೆ ವೈರು ಚುಚ್ಚಿ, ಪರದೆಯನ್ನು ಒಂದು ನಿಮಿಷ ನೋಡಿ, ನಮ್ಮ ಕೀಬೋರ್ಡಿನಲ್ಲೇ ಎರಡು ಗುಂಡಿ ಒತ್ತಿ, “ಮದರ್‌ಬೋರ್ಡ್ ಓಗದೆ ಸಾ, ಒಸ್ದು ತಕಳಿ” ಎಂದ. ಅಷ್ಟೇ! ತಿರುಪು ಬಿಚ್ಚಲಿಲ್ಲ, ಒಳಗೆ ಕಣ್ಣು ಹಾಯಿಸಲಿಲ್ಲ. ನಾಡಿ ಹಿಡಿಯದೆಯೇ ಹೆಣ ಎಂದು ಬರೆದುಕೊಡುವ ಡಾಕ್ಟರನ್ನು ಎಲ್ಲಾದರೂ ಕಂಡಿದ್ದೀಯಾ? ಒಳಗೆ ಇಡೀ ಊರಿನ ಕಾಗದಪತ್ರ ಇದೆಯಪ್ಪ, ನಮ್ಮ ಸೊಸೆ ಐದು ವರ್ಷದಿಂದ ಕೂಡಿಟ್ಟದ್ದು ಇದೆಯಪ್ಪ ಎಂದರೆ, ಅವನು ಆಗಲೇ ಇನ್ನೊಬ್ಬ ಗಿರಾಕಿಯ ಫೋನಿಗೆ ಗಾಜು ಅಂಟಿಸುತ್ತಿದ್ದ. ಮತ್ತೆ ಜಮಖಾನ, ಮತ್ತೆ ಬಸ್ಸು. ಕಂಡಕ್ಟರು ಈ ಸಲ ಪೆಟ್ಟಿಗೆಗೂ ಒಂದು ಟಿಕೆಟ್ ಹರಿದ.

ಕೊನೆಗೆ ಕೈ ಹಿಡಿದದ್ದು ಯಳಂದೂರಿನ ಶಾಂತಮೂರ್ತಿ. ಹಿಂದೆ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ತರಗತಿ ನಡೆಸುತ್ತಿದ್ದ, ಈಗ ಬಾಳೆ ತೋಟ ನೋಡಿಕೊಂಡಿದ್ದಾನೆ. ಈ ಭಾನುವಾರ ತಾನಾಗಿಯೇ ಮನೆಗೆ ಬಂದ. ಬಂದವನು ಮೊದಲು ಕೇಳಿದ್ದು, “ಕೀಬೋರ್ಡ್ ಯಾವ್ದು?” ಎಂದು. ನೀನು ಹೋದ ವರ್ಷ ತರಿಸಿದ ವೈರಿಲ್ಲದ ಕೀಬೋರ್ಡನ್ನು ತೋರಿಸಿದೆ. ಅವನು ನಕ್ಕ. ವಿಂಡೋಸ್ ಎದ್ದ ಮೇಲೆ ಮಾತ್ರ ಈ ಪೆಟ್ಟಿಗೆ ಆ ಕೀಬೋರ್ಡಿನ ಮಾತು ಕೇಳುತ್ತದಂತೆ. ಅದಕ್ಕೂ ಮೊದಲು, ಯಂತ್ರ ಇನ್ನೂ ಅರೆನಿದ್ದೆಯಲ್ಲಿರುವಾಗ, ನೀನು ಎಷ್ಟು ಒತ್ತಿದರೂ ಅದಕ್ಕೆ ಮುಟ್ಟುವುದಿಲ್ಲವಂತೆ. ಅಂದರೆ ಅವತ್ತು ನೀನು ಸರಿಯಾಗಿಯೇ ಒತ್ತಿದ್ದೆ. ಇದನ್ನು ನಾನು ಇಲ್ಲಿ ಒಪ್ಪಿಕೊಂಡಿದ್ದೇನೆ, ಗಮನಿಸು. ಶಾಂತಮೂರ್ತಿ ತನ್ನ ಮನೆಯ ಅಟ್ಟದಿಂದ ದುಂಡು ಪಿನ್ನಿನ ಹಳೇ ಕೀಬೋರ್ಡು ತಂದಿದ್ದ. ಅದರ ಸಂದಿಯಲ್ಲೆಲ್ಲ ಜಿರಳೆ ಮೊಟ್ಟೆ. ಪೆಟ್ಟಿಗೆಯ ಹಿಂದೆ ನೇರಳೆ ಬಣ್ಣದ ದುಂಡು ತೂತು ಒಂದಿದೆ, ಇಷ್ಟು ದಿನ ಅದು ಯಾಕಿದೆಯೆಂದು ನನಗೆ ಗೊತ್ತಿರಲಿಲ್ಲ. ಅದಕ್ಕೆ ಚುಚ್ಚಿ ಎಫ್ ಒನ್ ಒತ್ತಿದ ತಕ್ಷಣ ಪರದೆ ನೀಲಿಯಾಯಿತು. ನಾನು ಕೂಗಿದ ಕೂಗಿಗೆ ನಿಮ್ಮತ್ತೆ ಅಡುಗೆಮನೆಯಿಂದ ಓಡಿಬಂದಳು. ನೋಡಿದರೆ ಅದರ ನಡುವೆ ಒಂದು ಸಣ್ಣ ಚೌಕ, ಪಾಸ್‌ವರ್ಡ್ ಕೊಡಿ ಎಂದು.

ಇದು ನನಗೆ ಅತಿಯಾಯಿತು. ಬಾಗಿಲು ತಟ್ಟಿ ತಟ್ಟಿ ಕೈ ನೋಯಿಸಿಕೊಂಡ ಮೇಲೆ, ತೆಗೆದು, ನೀವು ಯಾರು ಎಂದು ಕೇಳುವುದೇ? ಹೋದ ಗೌರಿ ಹಬ್ಬದಲ್ಲಿ ಊರಿನ ಹೈಕಳು ಬಂದು ಅದರಲ್ಲಿ ಸಿನಿಮಾ ಹಾಕಿಕೊಂಡು ಕೂತಾಗ, ಯಾರೂ ಒಳಗೆ ಕೈ ಹಾಕದ ಹಾಗೆ ಬೀಗ ಹಾಕು ಎಂದು ನಾನೇ ಹೇಳಿದ್ದೆ, ನಿಜ. ನೀನು “ನಿಮ್ಗೂ ಹೇಳಿರ್ಲಾ ಮಾವ?” ಎಂದು ಕೇಳಿದ್ದೆ, ಅದೂ ನಿಜ. ನಾನು “ನಂಗ್ಯಾಕವ್ವ ಅದು” ಎಂದೆ. ನಂಗ್ಯಾಕೆ ಅಂದರೆ ಎಂದೆಂದಿಗೂ ಹೇಳಬೇಡ ಎಂದು ಅರ್ಥವೇ? ಹಳೇ ಪೆಟ್ಟಿಗೆಗಳಲ್ಲಿ ಒಳಗಿನ ಬ್ಯಾಟರಿ ತೆಗೆದಿಟ್ಟರೆ ಇಂಥ ಬೀಗ ತಾನಾಗಿ ಬಿಚ್ಚಿಕೊಳ್ಳುತ್ತದೆ, ನೋಡೋಣ ಎಂದು ಶಾಂತಮೂರ್ತಿ ಪಕ್ಕದ ತಗಡು ಸರಿಸಿದ. ಆಯುಧಪೂಜೆಯ ದಿನ ನೀನು ಬ್ರಷ್ಷಿನಿಂದ ಧೂಳು ಹೊಡೆದು ವಿಭೂತಿ ಹಚ್ಚಿದ್ದು ಇನ್ನೂ ಹಾಗೇ ಇತ್ತು. ಬ್ಯಾಟರಿ ಕೂರುವ ಜಾಗ ಮಾತ್ರ ಖಾಲಿ. “ಬ್ಯಾಟ್ರಿನೇ ಇಲ್ವಲ್ಲ ಸಾ! ಯಾರ್ ತಗದ್ರು?” ಎಂದ. ಅದಿಲ್ಲದ್ದಕ್ಕೇ ಪೆಟ್ಟಿಗೆ ತಾರೀಖನ್ನೂ ಉಳಿದದ್ದನ್ನೂ ಮರೆತು ಕೂತಿದೆಯಂತೆ. ಬೀಗವನ್ನು ಮಾತ್ರ ಈ ಹೊಸ ಕಾಲದ ಪೆಟ್ಟಿಗೆ ಬ್ಯಾಟರಿಯ ಹಂಗಿಲ್ಲದೆ ಹೊಟ್ಟೆಯೊಳಗೆ ಭದ್ರವಾಗಿ ಇಟ್ಟುಕೊಂಡಿದೆ. ಅವನೇ ಒಂದು ಹೊಸ ಬ್ಯಾಟರಿ ಹಾಕಿದ. ಆದರೆ ಪಾಸ್‌ವರ್ಡ್ ಇಲ್ಲದೆ ಒಳಗೆ ಹೋಗುವಂತಿಲ್ಲ, ಒಳಗೆ ಹೋಗಿ ಸರಿಮಾಡದೆ ಅದು ಏಳುವಂತಿಲ್ಲ. ಇಂಥದ್ದನ್ನೆಲ್ಲ ಮಾಡುವ ಕಂಪನಿಯವರು ತಮ್ಮ ಮನೆಯಲ್ಲಿ ಹೇಗೆ ಸಂಸಾರ ಮಾಡುತ್ತಾರೋ.

ಬ್ಯಾಟರಿ ಎಲ್ಲಿ ಹೋಯಿತು? ಕೊಳ್ಳೇಗಾಲದ ಅಂಗಡಿಯವನೇ ಕದ್ದಿದ್ದಾನೆ ಎಂದು ನಾನು ಅಲ್ಲೇ ಹೇಳಿದೆ. ಮೊನ್ನೆ ಸೋಮವಾರ ಹೋಗಿ ಗಿರಾಕಿಗಳ ಎದುರಿಗೇ ಕೇಳಿಯೂ ಬಂದೆ. ಆ ಶಂಕರ್ ಗಲ್ಲ ಬಡಿದುಕೊಂಡು, “ಮಾದಪ್ಪನಾಣೆ ಸಾ, ನಾ ಪೆಟ್ಗೆ ಬಿಚ್ಚೇ ಇಲ್ಲ” ಎಂದ. ಬಿಚ್ಚದೆಯೇ ಹೊಸದು ತಗೊಳ್ಳಿ ಅಂದೆಯಾ ಎಂದು ಅದಕ್ಕೂ ಬೈದೆ. ಬಸ್ ಸ್ಟ್ಯಾಂಡಿನವರೆಗೂ ಕೇಳಿಸುವಂತೆ ಬೈದೆ.

ಆದ್ದರಿಂದ ಕುಸುಮಾ, ಇಷ್ಟೆಲ್ಲ ಆದ ಮೇಲೆ ನಿನ್ನ ಹಟ ಏನೇ ಇರಲಿ, ಆ ಪಾಸ್‌ವರ್ಡನ್ನು ಒಂದು ಕಾರ್ಡಿನಲ್ಲಿ ಸ್ಪಷ್ಟ ಅಕ್ಷರದಲ್ಲಿ ಬರೆದು ಮರುಟಪಾಲಿಗೆ ಹಾಕತಕ್ಕದ್ದು. ದಿನಾ ಯಾರಾದರೊಬ್ಬರು ಜಗಲಿಗೆ ಬಂದು “ಕುಸುಮವ್ವ ಯಾವಾಗ ಬತ್ತರೆ?” ಎಂದು ಕೇಳುತ್ತಾರೆ. ಕಂಪ್ಯೂಟರ್ ಯಾವಾಗ ಸರಿಹೋಗುತ್ತದೆ ಎಂದು ಒಬ್ಬರೂ ಕೇಳುವುದಿಲ್ಲ. ಅವರಿಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಹಿರಿಯರಿಗೆ ನಮಸ್ಕಾರ, ನಿನ್ನ ತಮ್ಮನಿಗೆ ಆಶೀರ್ವಾದ. ಕೆಮ್ಮಿಗೆ ಮೆಣಸು ಜಜ್ಜಿ ಬಿಸಿನೀರಿನಲ್ಲಿ ಕುಡಿ. ನಿಮ್ಮ ಮನೆದೇವರು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಮಾವ,
ಶಿವನಂಜಯ್ಯ
(ನಿವೃತ್ತ ಪೋಸ್ಟ್‌ಮಾಸ್ಟರ್)

ಮರೆತ ಮಾತು: ಕವರಿಗೆ ಅಂಟು ಹಚ್ಚಿ ಆಗಿತ್ತು, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಮನ್ನಿಸು. ಬ್ಯಾಟರಿ ತೆಗೆದವನು ನಾನು. ನೀನು ಹೋಗುವ ಹಿಂದಿನ ದಿನ ಹುಳ ಮೂರನೇ ಜ್ವರಕ್ಕೆ ಕೂತಿದ್ದವು, ತೇವ ಹೆಚ್ಚಾದರೆ ಕೈಬಿಟ್ಟುಹೋಗುವ ಹೊತ್ತು, ಹುಳದ ಮನೆಯ ಮೀಟರು ನಿಂತುಹೋಯಿತು. ಬಿಚ್ಚಿ ನೋಡಿದರೆ ಅದರ ಬ್ಯಾಟರಿ ಕಂಪ್ಯೂಟರಿನಲ್ಲಿ ನೀನು ತೋರಿಸಿದ್ದರಂತೆಯೇ ದುಂಡಗಿತ್ತು. ಆಯುಧಪೂಜೆಯ ದಿನ “ಇದು ತಾರೀಖು ನೆನಪಿಟ್ಕೊಳ್ಳೋ ಬ್ಯಾಟ್ರಿ ಮಾವ” ಎಂದು ಬೆರಳಿಟ್ಟು ಹೇಳಿಕೊಟ್ಟಿದ್ದೆಯಲ್ಲ, ಅದೇ. ಸಂಜೆ ನೀನು ಸೊಪ್ಪಿಗೆ ಹೋಗಿದ್ದಾಗ, ಶಾಕ್ ಹೊಡೆದೀತೆಂದು ಪ್ಲಗ್ಗನ್ನೂ ಕಿತ್ತು, ಬ್ಯಾಟರಿ ತೆಗೆದು ಮೀಟರಿಗೆ ಹಾಕಿದೆ. ಬರೀ ತಾರೀಖು ತಾನೇ, ಕ್ಯಾಲೆಂಡರ್ ಇದೆಯಲ್ಲ, ಸಂತೆಯಿಂದ ಇನ್ನೊಂದು ತಂದು ಹಾಕಿದರಾಯಿತು ಅಂದುಕೊಂಡೆ, ಮರೆತೆ. ಮಾರನೇ ಬೆಳಿಗ್ಗೆ ನಿನ್ನನ್ನು ಬೈದಾಗ ಇದರಿಂದಲೇ ಕೆಟ್ಟಿದ್ದೆಂದು ನನಗೆ ಗೊತ್ತಿರಲಿಲ್ಲ. ಭಾನುವಾರ ಶಾಂತಮೂರ್ತಿ ಕೇಳಿದಾಗ ಗೊತ್ತಾಯಿತು. ಸೋಮವಾರ ಶಂಕರನನ್ನು ಬೈದಾಗ ಗೊತ್ತಿತ್ತು. ಮುದ್ರೆ ಒತ್ತಿದ ಕೈಯಿಂದ ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಮಗಳೇ.

ಪಾಸ್‌ವರ್ಡ್ ಕಳಿಸಬೇಡ. ಈ ಕಾಗದ ಶುಕ್ರವಾರ ನಿನ್ನ ಕೈ ಸೇರುತ್ತದೆ, ಶನಿವಾರ ಮೊದಲನೇ ಬಸ್ಸಿಗೆ ನಾನೇ ಬರುತ್ತೇನೆ. ದಾರಿಯಲ್ಲಿ ಕೊಳ್ಳೇಗಾಲದಲ್ಲಿ ಇಳಿದು ಶಂಕರನ ಅಂಗಡಿಯ ಗಿರಾಕಿಗಳ ಮುಂದೆ ಮೊದಲು ಹೇಳಿ, ಆಮೇಲೆ ಹನೂರಿನಲ್ಲಿ ನಿಮ್ಮ ಅಪ್ಪ ಅಮ್ಮನ ಮುಂದೆ ಹೇಳುತ್ತೇನೆ. ನೀನು ಬರಲು ಮನಸ್ಸು ಮಾಡಿದರೆ ನಮ್ಮ ಜಗಲಿಯ ಮೇಲೆ ಆ ಐದು ಜನರನ್ನೂ ಕರೆಸಿ ಹೇಳುತ್ತೇನೆ. ಮಾಡದಿದ್ದರೂ ಕರೆಸಿ ಹೇಳುತ್ತೇನೆ. ಹುಳ ಹಣ್ಣಾಗುವ ದಿನ ಯಾರೂ ಮನೆ ಬಿಟ್ಟು ಹೊರಡುವುದಿಲ್ಲ, ನಲವತ್ತು ವರ್ಷದಲ್ಲಿ ನಾನೂ ಹೊರಟವನಲ್ಲ. ನಿಮ್ಮತ್ತೆಗೆ ಈಗ ಎಲ್ಲವನ್ನೂ ಹೇಳಿದೆ. “ಓಗ್ಬನ್ನಿ, ಹುಳಾನ ನಾ ನೋಡ್ಕತೀನಿ” ಎಂದಳು. ಆಮೇಲೆ ತಟ್ಟೆಯನ್ನು ಸದ್ದಿಲ್ಲದೆ ತಂದು ನನ್ನ ಮುಂದೆ ಇಟ್ಟಳು.