ಸೊಟ್ಟ ಹೊಲಿಗೆ

ಅಪ್ಪಾ,

ನೀನು ಹೋಗಿ ವರ್ಷವಾಯಿತು. ಇವತ್ತು ಮೇಷ್ಟ್ರು ನಮ್ಮಲ್ಲೇ ಹೊಲಿಸಿದ್ದ ಹಳೇ ಪ್ಯಾಂಟು ತಂದಿದ್ದರು. "ಹೊಟ್ಟೆ ಬಂದ್ಬಿಟ್ಟಿದೆ, ಸ್ವಲ್ಪ ಸಡಿಲ ಮಾಡ್ಕೊಡಮ್ಮ" ಎಂದರು. ಸೊಂಟದ ಹೊಲಿಗೆ ಬಿಚ್ಚಿದರೆ ಒಳಗೆ ಒಂದೂವರೆ ಇಂಚು ಬಟ್ಟೆ ಮಡಚಿಟ್ಟಿತ್ತು. ಯಾರೂ ಇದ್ದ ಹಾಗೇ ಇರುವುದಿಲ್ಲವೆಂದು ಅಷ್ಟು ಬಟ್ಟೆ ಬಿಡುತ್ತಿದ್ದವನು ನೀನೊಬ್ಬನೇ.

ಕಾಲಿನ ಹೊಲಿಗೆ ಮಾತ್ರ ಸೊಟ್ಟಗಿತ್ತು. ನಿನ್ನ ಕೈ ನಡುಗುತ್ತಿದ್ದ ಕಾಲದ್ದು. ಆಗೊಮ್ಮೆ ಅಂಗಡಿ ತುಂಬ ಗಿರಾಕಿಗಳಿದ್ದಾಗ, "ಈ ಸೊಟ್ಟ ಹೊಲಿಗೆ ನಂದಲ್ಲ, ಅಪ್ಪಂದು" ಎಂದು ಜೋರಾಗಿ ಹೇಳಿಬಿಟ್ಟಿದ್ದೆ. ನೀನು ಕನ್ನಡಕ ತೆಗೆದು ಒರೆಸಿಕೊಂಡೆ. ಮತ್ತೆ ಮಶೀನಿಗೆ ಕೂರಲಿಲ್ಲ.

ಮೇಷ್ಟ್ರು ಅದೇ ಹೊಲಿಗೆಯ ಮೇಲೆ ಬೆರಳಿಟ್ಟರು. "ಇದ್ಯಾರಮ್ಮ ಹೊಲಿದಿದ್ದು, ಹಾವು ಹರಿದ ಹಾಗೆ?"

"ನಾನೇ ಮೇಷ್ಟ್ರೇ" ಎಂದೆ.

ಅವರು ನಕ್ಕರು. "ನಿಮ್ಮಪ್ಪನ ಕೈ ನಿನಗೆ ಬರಲಿಲ್ಲ ಬಿಡು."

ಅದು ಮಾತ್ರ ನಿಜ, ಅಪ್ಪಾ.