ಸಂಜೆ ಹೊತ್ತಿನ ಮಾತು

ರಾಣೆಬೆನ್ನೂರು
ಫೆಬ್ರವರಿ ೯, ಭಾನುವಾರ

ನನ್ನ ನಂದೂ,

ದಿನಾ ಫೋನಿನಲ್ಲಿ ಸಿಗುವ ಅವ್ವ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಅಜ್ಜಿ ಆರಾಮಾಗಿದ್ದಾರೆ, ನಾನೂ ಆರಾಮ. ಫೋನಿನಲ್ಲಾದರೆ ನೀನು ನಡುನಡುವೆ ಬಾಯಿ ಹಾಕುತ್ತೀ. ಇದನ್ನು ನೀನು ಕಡೆತನಕ ಕೇಳಬೇಕು. ವಿಜಯಪುರದಲ್ಲಿ ನಿನ್ನ ಪರೀಕ್ಷೆ ಮುಗಿಯಲಿ ಎಂದೇ ಕಾದಿದ್ದೆ.

ಹಾವೇರಿಯಲ್ಲಿ ನಮ್ಮ ಬಿ.ಎ. ಗೆಳೆಯರೆಲ್ಲ ಸೇರಿದ್ದೆವು ಎಂದು ಹೇಳಿದ್ದೆನಲ್ಲ, ಪೂರ್ತಿ ಹೇಳಿರಲಿಲ್ಲ. ಹೋಗಲು ನನಗೆ ಮನಸ್ಸೇ ಇರಲಿಲ್ಲ. ಗಂಡ, ಮಕ್ಕಳು ಎಂದು ಮಾತು ಬಂದಾಗ ತೀರಿಹೋದ ನಿನ್ನ ಅಪ್ಪಾಜಿಯ ವಿಷಯವೂ ಬರುತ್ತದೆ, ಎಲ್ಲರೂ ಒಮ್ಮೆಲೇ ದನಿ ಇಳಿಸುತ್ತಾರೆ. ಅದು ನನಗೆ ಸಾಕಾಗಿಬಿಟ್ಟಿದೆ. ಅಜ್ಜಿಯೇ ಸೀರೆ ತೆಗೆದಿಟ್ಟು ನನ್ನನ್ನು ಬಸ್ ಸ್ಟ್ಯಾಂಡಿಗೆ ಅಟ್ಟಿದರು.

ಹೋದದ್ದು ಒಳ್ಳೆಯದಾಯಿತು. ಬ್ಯಾಡಗಿಯ ಚಮನಬಿಯ ಕಥೆ ನಿನಗೆ ಹೇಳುತ್ತಿದ್ದೆನಲ್ಲ, ಮಾಸ್ತರು ಕರಿಹಲಗೆ ಒರೆಸಿದರೆ ಸಾಕು ಸೀನತೊಡಗುತ್ತಿದ್ದವಳು. ಈಗ ಗಂಡನ ಜೊತೆ ಮೆಣಸಿನಕಾಯಿ ಪುಡಿ ಮಾಡುವ ಗಿರಣಿ ನಡೆಸುತ್ತಾಳೆ. ಅಲ್ಲಿ ಹೇಗೆ ತಾಳುತ್ತೀಯೇ ಎಂದರೆ, “ಸೀನಾಕ ಪುರುಸೊತ್ತು ಎಲ್ಲೈತವಾ” ಎಂದಳು. ನಿನಗೆಂದು ಒಂದು ಡಬ್ಬಿ ಪುಡಿ ಕೊಟ್ಟಿದ್ದಾಳೆ. ಹಾಜರಿ ಕರೆದಾಗ ‘ಎಸ್ ಸರ್’ ಎನ್ನಲೂ ನಾಚುತ್ತಿದ್ದ ಹನುಮೇಶ ಈಗ ಹೋರಿ ಬೆದರಿಸುವ ಸ್ಪರ್ಧೆಗಳಲ್ಲಿ ಮೈಕ್ ಹಿಡಿದು ಹೋರಿಗಳ ಹೆಸರು ಕೂಗುತ್ತಾನೆ. ಊಟದ ಪಂಕ್ತಿಗೆ ನಮ್ಮನ್ನೂ ಹಾಗೆಯೇ, ಬಿರುದು ಹಚ್ಚಿ, ಒಬ್ಬೊಬ್ಬರನ್ನಾಗಿ ಕೂಗಿ ಕರೆದ. ನಕ್ಕೂ ನಕ್ಕೂ ನನ್ನ ಪಕ್ಕೆ ಹಿಡಿಯಿತು.

ಮಾಲತೇಶನೂ ಬಂದಿದ್ದ. ಕಾಲೇಜಿನಲ್ಲಿದ್ದಾಗ ನಾವಿಬ್ಬರೂ ನೆಟ್ಟಗೆ ಮಾತಾಡಿದ್ದೇ ಇಲ್ಲ. ಕುಮಾರಪಟ್ಟಣದ ಫ್ಯಾಕ್ಟರಿಯ ಸ್ಟೋರಿನಲ್ಲಿ ಕೆಲಸ. ಹೆಂಡತಿ ಕಾಯಿಲೆಯಿಂದ ತೀರಿಕೊಂಡು ಕೆಲವು ವರ್ಷವಾಯಿತು, ಮಕ್ಕಳಿಲ್ಲ. ತಿರುಗಿ ಬರುವಾಗ ಇಬ್ಬರಿಗೂ ಒಂದೇ ಬಸ್ಸು. ಮೋಟೆಬೆನ್ನೂರು ದಾಟಿದ ಮೇಲೆ ಅವನು, “ರೋಹಿಣಿಯವರ, ಸಂಜೀಕ ಯಾರ ಜೋಡಿ ಮಾತಾಡ್ತೀರಿ?” ಎಂದು ಕೇಳಿದ.

ಮನೆ ಹೇಗೆ ನಡೆಸುತ್ತೀ, ಮಗಳ ಮದುವೆ ಯಾವಾಗ ಎಂದು ಇಷ್ಟು ವರ್ಷ ಎಲ್ಲರೂ ಕೇಳಿದ್ದಾರೆ. ಇದನ್ನು ಯಾರೂ ಕೇಳಿರಲಿಲ್ಲ. “ಅತ್ತಿ ಜೋಡಿ. ಅವರು ಮಲಗಿದ ಮ್ಯಾಲೆ ಟೀವಿ ಜೋಡಿ” ಎಂದೆ. ಅವನು ನಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತ, “ನನ್ನ ಟೀವೀನೂ ಕೆಟ್ಟೈತಿ” ಎಂದ. ಆಗ ಇಬ್ಬರಿಗೂ ನಗು ಬಂತು.

ಆಮೇಲೆ ಸಂಜೆ ಸಂಜೆ ಫೋನ್ ಮಾಡತೊಡಗಿದ. ಲೈನ್ ಯಾಕೆ ಬಿಜಿ ಇತ್ತು ಎಂದು ನೀನು ಕೇಳಿದಾಗ ಸೀಡ್ಸ್ ಕಂಪನಿಯ ಮ್ಯಾನೇಜರ್ ಎಂದಿದ್ದೆ. ಅದು ಸುಳ್ಳು.

ಹೋದ ವಾರ ಹಿತ್ತಲಿಗೆ ಬದನೆ ಬೀಜ ಬೇಕೆಂದು ನಾನು ಕೆಲಸ ಮಾಡುವ ಕಂಪನಿಗೆ ಬಂದ, ಮನೆಗೂ ಬಂದ. ಅಜ್ಜಿ ಎದುರಿಗೆ ಕೂಡಿಸಿಕೊಂಡು ಮನೆತನ, ನೌಕರಿ, ಶುಗರ್ ಇದೆಯೋ ಇಲ್ಲವೋ, ಎಲ್ಲ ವಿಚಾರಿಸಿದರು. ಚಹಾ ಕುಡಿದು ಎದ್ದವನು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ನನ್ನ ಮುಖ ನೋಡದೆಯೇ, ನಾವಿಬ್ಬರೂ ಮದುವೆಯಾಗೋಣವೇ ಎಂದು ಕೇಳಿಬಿಟ್ಟ.

ವಿಚಾರ ಮಾಡಿ ಹೇಳುತ್ತೇನೆ ಎಂದೆ ನಂದೂ. ಮಗಳಿಗೆ ಗಂಡು ನೋಡುವ ಹೊತ್ತಿನಲ್ಲಿ ಅವ್ವ ಮದುವೆಯಾದಳು ಎಂದು ಓಣಿಯವರು ಆಡಿಕೊಳ್ಳುತ್ತಾರೆ. ನಾಳೆ ನಿನ್ನನ್ನು ನೋಡಲು ಬಂದವರೂ ಅದೇ ಮಾತು ಎತ್ತಬಹುದು. ಮತ್ತೆ ಅಜ್ಜಿ. ಮರುದಿನ ಅವನಿಗೆ ಫೋನ್ ಮಾಡಿ, ಅತ್ತೆಯನ್ನು ಬಿಟ್ಟು ನಾನು ಎಲ್ಲಿಗೂ ಬರುವವಳಲ್ಲ ಎಂದು ಹೇಳಿದೆ. “ಬಿಟ್ಟು ಬಾ ಅಂತ ಯಾರಂದ್ರು? ನಾನ ರಾಣೆಬೆನ್ನೂರಿಗೆ ಬರ್ತೇನಿ. ಡ್ಯೂಟಿಗೆ ಹೋಗಾಕ ಬಸ್ ಅದಾವ” ಎಂದ. ಅಪ್ಪಾಜಿಯ ಫೋಟೋ ಎಲ್ಲಿದೆಯೋ ಅಲ್ಲೇ ಇರಲಿ ಎಂಬುದನ್ನೂ ಅವನೇ ಹೇಳಿದ, ನಾನು ಬಾಯಿ ಬಿಡುವ ಮೊದಲೇ.

ಅಪ್ಪಾಜಿಯನ್ನು ಮರೆತೆ ಎಂದುಕೊಳ್ಳಬೇಡ. ಅವರಿದ್ದಾಗ ನಾನು ಎಷ್ಟು ಮಾತಾಡುತ್ತಿದ್ದೆ, ನಿನಗೆ ನೆನಪಿರಬೇಕು. ಆ ರೂಢಿ ಈಗ ಮತ್ತೆ ಬಂದಿದೆ, ಅಷ್ಟೆ. ಮೊನ್ನೆ ಆಫೀಸಿನಲ್ಲಿ ನನಗೆ ಗೊತ್ತಿಲ್ಲದೆ ಹಾಡಿಕೊಳ್ಳುತ್ತಿದ್ದೆನಂತೆ.

ಮನಸ್ಸಿನಲ್ಲಿ ಹೂಂ ಅಂದುಕೊಂಡಿದ್ದೇನೆ. ಅವನಿಗೆ ಇನ್ನೂ ಹೇಳಿಲ್ಲ. ಮೊದಲು ನಿನಗೆ ಹೇಳಬೇಕಿತ್ತು. ಓದಿ ಸಿಟ್ಟು ಬಂದರೆ ಒಂದು ದಿನ ಸಿಟ್ಟಿನಲ್ಲೇ ಇರು, ಉಪವಾಸ ಮಾತ್ರ ಬೀಳಬೇಡ. ಆಮೇಲೆ ಮಾತಾಡು.

ನಿನ್ನ ಮಾತಿನ ದಾರಿ ಕಾಯುವ,
ಅವ್ವ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ, ಎಲ್ಲ ಬರೆದೆಯಾ ಎಂದು ಅಜ್ಜಿ ಕೇಳಿದರು. ಹೂಂ ಎಂದೆ. “ಎಲ್ಲಾ ನಿನಗ ಎಲ್ಲಿ ಗೊತ್ತೈತಿ” ಎಂದು ನಕ್ಕರು. ಆ ದಿನ ನಾನು ಚಹಾ ಕಾಸಲು ಒಳಗೆ ಹೋದಾಗ ಮದುವೆಯ ಮಾತು ಎತ್ತಿದ್ದೇ ಅವರಂತೆ. “ಮಗ ಅಂತೂ ಹೋದ. ಈಕೀನೂ ನನ್ನಂಗ ಒಬ್ಬಾಕೀನ ಮುಪ್ಪಾಗೂದು ಬ್ಯಾಡ. ನಿನಗ ಮನಸ್ಸಿದ್ರ ಕೇಳಪಾ, ನಾ ಅದೇನಿ” ಎಂದು ಮಾಲತೇಶನಿಗೆ ಹೇಳಿದ್ದರಂತೆ. ನಿನಗೂ ಒಂದು ಮಾತು ಬರೆಸಿದ್ದಾರೆ: “ನಂದಾ, ನೀ ಒಲ್ಲೆ ಅನ್ನೂದಿದ್ರ ನಿಮ್ಮವ್ವಗಲ್ಲ, ನನಗ ಫೋನ್ ಹಚ್ಚು.”