ಬೀರುವಿನ ಮೇಲಿನ ಚೆಂಡು

ಅಪ್ಪಾ,

ನೀವು ಹೋದ ಮೇಲೂ ಫುಟ್‌ಬಾಲನ್ನು ನೀವು ಇಡುತ್ತಿದ್ದ ಹಾಗೆಯೇ ಬೀರುವಿನ ಮೇಲಿಟ್ಟಿದ್ದೆ. ದಿನಾ ಮೈದಾನಕ್ಕೆ ಇಪ್ಪತ್ತು ಸುತ್ತು ಓಡಿದರಷ್ಟೇ ಮಗಳಿಗೆ ಚೆಂಡು. "ಬೆವರು ಸುರಿಸಿದ್ರೆ ಆಟ ತಾನಾಗೇ ಬರುತ್ತೆ" ಎಂಬ ನಿಮ್ಮ ಮಾತನ್ನೂ ಹೇಳುತ್ತಿದ್ದೆ. ಇಪ್ಪತ್ತು ಮುಗಿಯುವಷ್ಟರಲ್ಲಿ ಅವಳಿಗೆ ನಿಲ್ಲಲೂ ತ್ರಾಣವಿರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನನಗೂ ಇರುತ್ತಿರಲಿಲ್ಲ, ನೀವು ನೋಡಿದ್ದೀರಿ.

ಇವತ್ತು ತಂಡದ ಆಯ್ಕೆಯಿತ್ತು. ಎಲ್ಲರಿಗಿಂತ ಹೆಚ್ಚು ಓಡಿದಳು. ಚೆಂಡು ಬಂದಾಗೆಲ್ಲ ಕಾಲಿಗೆ ತಾಗಿ ಆಚೆ ಹಾರಿತು.

"ಕುದುರೆ ಥರ ಓಡ್ತಾಳೆ," ಎಂದರು ತರಬೇತುದಾರರು. "ಚೆಂಡು ಹಿಡಿತಕ್ಕೆ ತಗೊಳ್ಳೋದನ್ನ ಯಾರೂ ಕಲಿಸೇ ಇಲ್ವಲ್ಲ."

ದಾರಿಯಲ್ಲಿ ಮಗಳು ಕೇಳಿದಳು, "ತಾತ ನಿಮಗೂ ಚೆಂಡು ಕೊಡ್ತಿರ್ಲಿಲ್ವಾ ಅಪ್ಪಾ?"

"ಕೊಡ್ತಿದ್ರು," ಎಂದೆ.

ಸುಳ್ಳು ಹೇಳಿದ್ದು ನಿಮ್ಮ ಮಾನ ಉಳಿಸಲಿಕ್ಕಲ್ಲ. ಆ ಸಂಕಟ ಗೊತ್ತಿದ್ದೂ ಅವಳಿಗೂ ಅದನ್ನೇ ಮಾಡಿದೆನೆಂದು ಅವಳಿಗೆ ತಿಳಿಯಬಾರದು, ಅಷ್ಟಕ್ಕೇ.